ಟೊಂಕ ಕಟ್ಟಿದ ಏಳು

ಆ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಒಂದು ಹಳೆಯ ಹಾಸ್ಯದೊಂದಿಗೆ. ತಾಯಿ ಮಗನ ಹೊದಿಕೆಯ ತುದಿ ಹಿಡಿದೆಳೆದು "ಏಳು ಮಗಾ, ಏಳು!" ಎನ್ನುವಳು. ಹೊದಿಕೆಯೊಳಗಿನಿಂದ ಮಗ "ಏಳಲ್ಲಮ್ಮ, ಎಂಟು" ಎನ್ನುವನು. ಅವನಿಗೆ ಮೀಸೆ ಮೂಡುವ ಮೊದಲೇ ಹುಟ್ಟಿದ ಮಾತಿದು. ಮದುವೆಯಾಗಿ ಬಂದ ಸೊಸೆ ಮೊದಲ ದಿನ ಕೇಳಿ ನಕ್ಕಿದ್ದಳು. ವರ್ಷ ಕಳೆದಂತೆ ನಗುವುದನ್ನು ಬಿಟ್ಟಿದ್ದಳು. ಈಗ ಅದೇ ಮಾತಿಗಾಗಿ ಒಲೆಯ ಮುಂದೆ ಕಿವಿಗೊಟ್ಟು ನಿಲ್ಲುತ್ತಿದ್ದಳು. ಕಾಯಿಲೆ ಬಿದ್ದ ಮೇಲೆ, ತಾಯಿ "ಏಳು" ಎಂದರೆ ಅವನು ಸುಮ್ಮನೆ ಏಳುತ್ತಿದ್ದ.

ಅವನು ಸರಕು ಅಂಗಳದಲ್ಲಿ ದೊಡ್ಡ ಕ್ರೇನು ನಡೆಸುವವನು, ಬೀದಿಗೆಲ್ಲ ಕ್ರೇನಣ್ಣ. ಅವನ ಹೆಂಡತಿ ಲಾಂಡ್ರಿಯಲ್ಲಿ ಆಸ್ಪತ್ರೆ, ಹೋಟೆಲುಗಳ ಹಾಸುಬಟ್ಟೆಗಳಿಗೆ ಇಸ್ತ್ರಿ ಹಾಕುವವಳು, ಹಾಗಾಗಿ ಇಸ್ತ್ರಿಯಮ್ಮ. ಹೈಸ್ಕೂಲು ಓದುವ ಮಗಳು ಮತ್ತು ಮುದುಕಿ ಅತ್ತೆ ಸೇರಿದರೆ ಅಡುಗೆಮನೆಯ ಮೇಜಿನ ನಾಲ್ಕು ಬದಿಯೂ ತುಂಬುತ್ತಿದ್ದವು.

ಕ್ರೇನು ನಡೆಸುವುದೆಂದರೆ ಹಿಡಿಕೆ ಎಳೆಯುವುದಷ್ಟೇ ಎಂದು ತಿಳಿದವರುಂಟು. ಅಂಗಳದಲ್ಲಿ ಪ್ರತಿ ಪೆಟ್ಟಿಗೆಯ ಮೇಲೂ ಅದರ ತೂಕವನ್ನು ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ಹಲವು ಪೆಟ್ಟಿಗೆಗಳನ್ನು ಒಂದೇ ಸರಪಳಿಗೆ ಬಿಗಿದಾಗ ಕೆಳಗಿನವನು ಒಂದೊಂದೇ ತೂಕವನ್ನು ಕೂಗುತ್ತಾನೆ. ಮೇಲೆ ಕುಳಿತವನು ಮನಸ್ಸಿನಲ್ಲೇ ಕೂಡಿಸಿ ಮೊತ್ತ ಕೂಗುತ್ತಾನೆ. ಕೆಳಗಿನವನು ಆ ಮೊತ್ತವನ್ನು ಮರಳಿ ಕೂಗಿದ ಮೇಲೆಯೇ ಸರಪಳಿ ಬಿಗಿಯುವುದು. ಏಳನ್ನು ಯಾರೂ ಒಂದೆಂದು ಓದಬಾರದೆಂದು ಅದರ ನಡುವಿಗೆ ಅಡ್ಡಗೆರೆ ಎಳೆಯುವುದು ಅಲ್ಲಿಯ ಕಟ್ಟಳೆ. ಅದಕ್ಕೆ ಅಲ್ಲಿಯವರು 'ಟೊಂಕ ಕಟ್ಟಿದ ಏಳು' ಎನ್ನುತ್ತಾರೆ. ಕೂಡಿಸುವಲ್ಲಿ ತಪ್ಪಿದರೆ ಸರಪಳಿ ತಾಳದು. ಸರಪಳಿಯ ಕೆಳಗೆ ಮನುಷ್ಯರು ನಿಂತಿರುತ್ತಾರೆ.

ತಲೆಯ ರಕ್ತನಾಳವೊಂದು ಕಟ್ಟಿಕೊಂಡು ಬಿದ್ದ ಕ್ರೇನಣ್ಣನಿಗೆ ಕೈ ಮರಳಿತು, ಕಾಲು ಮರಳಿತು, ಮಾತೂ ಮರಳಿತು. ಮರಳದೆ ಉಳಿದದ್ದು ಕೂಡುವ ಲೆಕ್ಕ. ಎರಡು ಅಂಕಿ ಕೂಡಿಸಿ ಮೂರನೆಯದಕ್ಕೆ ಕೈ ಚಾಚುವಷ್ಟರಲ್ಲಿ ಮೊದಲ ಮೊತ್ತ ಒದ್ದೆ ಸಾಬೂನಿನಂತೆ ಜಾರಿಹೋಗುತ್ತಿತ್ತು. ಅಂಗಳದ ಮೇಲ್ವಿಚಾರಕ ಮನೆಗೇ ಬಂದು ಸೌಮ್ಯವಾಗಿಯೇ ಹೇಳಿಹೋಗಿದ್ದ: "ಯಾವಾಗ ತಯಾರಾಗ್ತೀಯೋ ಹೇಳಿಕಳಿಸು, ಪರೀಕ್ಷೆ ಇಡ್ತೀವಿ. ಗೆದ್ದರೆ ಕ್ರೇನು. ಇಲ್ದಿದ್ರೆ ಗೇಟಿನ ಹತ್ರ ಒಂದು ಕುರ್ಚಿ ಇದೆ, ಬರೋ ಹೋಗೋ ಲಾರಿ ನೋಡ್ಕೊಂಡು ಕೂತಿರು."

ಆ ಕುರ್ಚಿ ಅಂದಿನಿಂದ ಆ ಮನೆಯಲ್ಲೇ ಬಂದು ಕುಳಿತಿತು. ಅದರ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ನೋಡಲು ಬರುವವರ ನಡತೆಯಂತೂ ಖಂಡನೀಯ. ಕಾಯಿಲೆಯವನನ್ನು ಎದುರಿಗೆ ಕೂರಿಸಿಕೊಂಡೇ, ಅವನು ಊರಲ್ಲೇ ಇಲ್ಲವೇನೋ ಎಂಬಂತೆ ವಿಚಾರಿಸುವುದು ಅನಾಗರಿಕತೆಯಲ್ಲದೆ ಮತ್ತೇನು?

"ಊಟ ಮಾಡ್ತಾನಾ? ಗುರುತು ಹಿಡೀತಾನಾ?" ಎಂದು ಎದುರುಮನೆಯಾಕೆ ಒಮ್ಮೆ ಪಿಸುಗುಟ್ಟಿದಳು.

"ಚೆನ್ನಾಗಿ ಹಿಡೀತೀನಿ ಅತ್ತಿಗೆ," ಎಂದ ಕ್ರೇನಣ್ಣ. "ನಮ್ಮ ಏಣಿ ತಗೊಂಡು ಹೋಗಿ ಇನ್ನೂ ವಾಪಸ್ ಕೊಟ್ಟಿಲ್ಲವಲ್ಲ, ಅವರು ತಾನೇ ನೀವು?"

ಏಣಿ ಅಂದೇ ಮನೆಗೆ ಬಂತು. ಲೆಕ್ಕ ಮಾತ್ರ ಬರಲಿಲ್ಲ.

ಆಸ್ಪತ್ರೆಯಲ್ಲಿ ಅಭ್ಯಾಸ ಮಾಡಿಸುವ ಹೆಂಗಸು ಒಂದು ಪುಸ್ತಕ ಕೊಟ್ಟಳು. ಸುಡೊಕು, ಆದರೆ ಕೂಡುವ ಸುಡೊಕು. "ಮಾಮೂಲಿ ಸುಡೊಕುವಿನಲ್ಲಿ ಅಂಕಿ ಬರೀ ಗುರುತು. ಅಂಕಿ ಬದಲು ಹೂವಿನ ಚಿತ್ರ ಇಟ್ಟರೂ ನಡೆಯುತ್ತೆ. ಇದರಲ್ಲಿ ಕೂಡಿಸದೆ ಒಂದು ಹೆಜ್ಜೆ ಮುಂದೆ ಹೋಗೋ ಹಾಗಿಲ್ಲ. ದಿನಕ್ಕೊಂದು ಮಾಡಿ," ಎಂದಳು.

ಮೊದಲ ಸಂಜೆ ಊಟದ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ ಮಗಳು ಪಾಠಕ್ಕೆ ಕುಳಿತಳು.

"ನೋಡಪ್ಪ, ಒಂಬತ್ತು ಅಡ್ಡಸಾಲು, ಒಂಬತ್ತು ಉದ್ದಸಾಲು, ಒಂಬತ್ತು ಚೌಕ. ಒಂದೊಂದರಲ್ಲೂ ಒಂದರಿಂದ ಒಂಬತ್ತರವರೆಗೆ ಎಲ್ಲ ಅಂಕಿ ಒಂದೊಂದು ಸಲ ಬರಬೇಕು. ಈ ಚುಕ್ಕಿಗೆರೆ ಇದೆಯಲ್ಲ, ಇದು ಬೇಲಿ. ಬೇಲಿಯ ಮೂಲೇಲಿ ಇರೋದು ಮೊತ್ತ. ಬೇಲಿಯೊಳಗಿನ ಮನೆಗಳನ್ನ ಕೂಡಿಸಿದ್ರೆ ಅಷ್ಟು ಬರಬೇಕು."

"ಮನೆಗೊಂದು ಬೇಲಿ, ಬೇಲಿಗೊಂದು ಲೆಕ್ಕ. ಥೇಟ್ ನಮ್ಮ ಬೀದಿ," ಎಂದಳು ಅತ್ತೆ, ಅವರೆಕಾಯಿ ಸುಲಿಯುತ್ತಾ.

ಕ್ರೇನಣ್ಣ ಎಂಟರ ಬೇಲಿಯೊಂದನ್ನು ಹಿಡಿದ. ಎರಡೇ ಮನೆ. ಧೈರ್ಯವಾಗಿ ನಾಲ್ಕು, ನಾಲ್ಕು ಎಂದು ಬರೆದ.

"ಒಂದೇ ಬೇಲಿಯೊಳಗೆ ಒಂದೇ ಅಂಕಿ ಎರಡು ಸಲ ಬರಬಾರದಪ್ಪ."

"ಯಾಕೆ ಬರಬಾರದು? ಜೋಡಿ ಪೆಟ್ಟಿಗೆ ಒಂದೇ ತೂಕ ಇರಲ್ವಾ?"

"ಇದು ಪೆಟ್ಟಿಗೆ ಅಲ್ಲ."

"ಪೆಟ್ಟಿಗೆ ಅಲ್ಲದ ಲೆಕ್ಕ ನನಗ್ಯಾಕೆ?" ಎಂದ, ಆದರೂ ಅಳಿಸಿ ಐದು, ಮೂರು ಎಂದು ಬರೆದ.

ಉತ್ತರಗಳ ಹಾಳೆಗಳನ್ನು ಪುಸ್ತಕದಿಂದ ಬಿಡಿಸಿ ಮಗಳು ತನ್ನ ಶಾಲೆಯ ಚೀಲದಲ್ಲಿಟ್ಟುಕೊಂಡಳು. ಅಪ್ಪ ಮಧ್ಯಾಹ್ನ ಬಿಡಿಸುವುದು, ಮಗಳು ರಾತ್ರಿಯೂಟಕ್ಕೆ ಮೊದಲು ತಾಳೆ ನೋಡುವುದು, ಇದು ಒಪ್ಪಂದ. ಮಗಳು ಸತ್ಯವಂತೆ, ಸತ್ಯವನ್ನು ಯಾವಾಗ ಹೇಗೆ ಹೇಳಬೇಕೆಂಬುದನ್ನು ಅವಳ ವಯಸ್ಸಿಗೆ ಯಾರೂ ಕಲಿತಿರುವುದಿಲ್ಲ. ವಾರ ತುಂಬುವುದರೊಳಗೆ ಒಂದು ಸಂಜೆ, "ಅರ್ಧಕ್ಕರ್ಧ ತಪ್ಪು. ನಿನ್ನೆಗಿಂತ ಜಾಸ್ತಿ," ಎಂದು ತಂದೆಯ ಮುಖ ನೋಡದೆಯೇ ಓದಿಬಿಟ್ಟಳು.

ತಟ್ಟೆ ಗೋಡೆಗೆ ಹಾರಿತು. ಬೇಳೆ ಗೋಡೆಯುದ್ದಕ್ಕೂ ಇಳಿಯಿತು. ಮಗಳು ಅಳುತ್ತಾ ಒಳಗೆ ಹೋದಳು. ಎಸೆದವನೂ ತನ್ನ ಕೈಯನ್ನು ತಾನೇ ಗುರುತಿಸದವನಂತೆ ನೋಡಿಕೊಂಡು ಕುಳಿತ. ಇಸ್ತ್ರಿಯಮ್ಮ ಒದ್ದೆ ಬಟ್ಟೆ ತಂದು ಗೋಡೆ ಒರೆಸಿದಳು. ಬೇಳೆ ಹೋಯಿತು, ಕಲೆ ನಿಂತಿತು.

ಮರುದಿನ ಅವಳು ಲಾಂಡ್ರಿಯಿಂದ ಬಂದಾಗ ಗಂಡ ತಾಯಿಯ ಜೊತೆ ವೈದ್ಯರು ಹೇಳಿದ ನಡಿಗೆಗೆ ಹೋಗಿದ್ದ. ಪುಸ್ತಕ ಮೇಜಿನ ಮೇಲಿತ್ತು. ಅವಳು ಬಗ್ಗಿ ನೋಡಿದಳು. ಹದಿನೇಳರ ಬೇಲಿ, ಎರಡು ಮನೆ. ಅವನು ಬರೆದದ್ದು ಎಂಟು, ಎಂಟು. ಲೆಕ್ಕದಲ್ಲಿ ಅವಳೇನೂ ಗಟ್ಟಿಗಳಲ್ಲ. ಆದರೂ ತಪ್ಪು ಕಣ್ಣಿಗೆ ಹೊಡೆಯಿತು. ಇಂದೂ ತಟ್ಟೆ ಹಾರುತ್ತದೆ ಎಂದುಕೊಂಡಳು. ಒಂದೇ ಒಂದು ಅಂಕಿ, ಯಾರಿಗೇನು ನಷ್ಟ? ರಬ್ಬರು ತೆಗೆದುಕೊಂಡು ಒಂದು ಎಂಟನ್ನು ಒಂಬತ್ತು ಮಾಡಿದಳು.

ಸುಳ್ಳಿನ ಸ್ವಭಾವವನ್ನು ಆ ಪುಟದಷ್ಟು ಚೆನ್ನಾಗಿ ಯಾವ ನೀತಿಪಾಠವೂ ಕಲಿಸಲಾರದು. ಆ ಒಂಬತ್ತಿನಿಂದ ಸಾಲು ಕೆಟ್ಟಿತು. ಸಾಲನ್ನು ಸರಿಪಡಿಸಿದರೆ ಕೆಳಗಿನ ಚೌಕ ಕೆಟ್ಟಿತು. ಚೌಕವನ್ನು ಸರಿಪಡಿಸಹೋದರೆ ಇನ್ನೆರಡು ಬೇಲಿಗಳ ಮೊತ್ತ ಮುರಿಯಿತು. ಒಂದು ತಪ್ಪನ್ನು ಮುಚ್ಚಲು ಇಡೀ ಪುಟವನ್ನೇ ತಿಳಿಯಬೇಕಾಗಿತ್ತು. ಅವಳಿಗೆ ತಿಳಿದಿರಲಿಲ್ಲ. ಅಂದಿನ ಪುಟ ತಪ್ಪಾಗಿಯೇ ಉಳಿಯಿತು.

ಹಾಗಾಗಿ ಇಸ್ತ್ರಿಯಮ್ಮ ಕಲಿತಳು. ಹಾಸುಬಟ್ಟೆಗಳ ರಾಶಿಯ ನಡುವೆ, ಹಬೆಯಲ್ಲಿ ಬೆವರುತ್ತಾ, ಇಸ್ತ್ರಿಯ ಮೇಜಿನ ಮೇಲೆ ಸೀಮೆಸುಣ್ಣದಿಂದ ಬೇಲಿ ಹಾಕಿ ಅಳಿಸಿ ಕಲಿತಳು. ಎರಡು ಮನೆಯಲ್ಲಿ ಮೂರು ಎಂದರೆ ಒಂದು, ಎರಡೇ, ಬೇರೆ ದಾರಿಯಿಲ್ಲ. ಹದಿನಾರೆಂದರೆ ಏಳು, ಒಂಬತ್ತೇ. ಮೂರು ಮನೆಯಲ್ಲಿ ಇಪ್ಪತ್ತನಾಲ್ಕೆಂದರೆ ಏಳು, ಎಂಟು, ಒಂಬತ್ತೇ. ಇಕ್ಕಟ್ಟಾದ ಬೇಲಿಯೇ ಸುಲಭದ ಬೇಲಿ. ಮತ್ತೊಂದು ದಿನ, ಒಂದರಿಂದ ಒಂಬತ್ತರವರೆಗೆ ಕೂಡಿಸಿದರೆ ನಲವತ್ತೈದು ಎಂಬುದು ಹೊಳೆಯಿತು. ಅಂದರೆ ಯಾವ ಸಾಲೇ ಆಗಲಿ, ಚೌಕವೇ ಆಗಲಿ, ತುಂಬಿದರೆ ನಲವತ್ತೈದು! ಒಂದು ಚೌಕದಲ್ಲಿ ಬೇಲಿಗಳೆಲ್ಲ ಸೇರಿ ಮೂವತ್ತೆಂಟಾದರೆ, ಬೇಲಿಯ ಹೊರಗುಳಿದ ಒಂಟಿ ಮನೆಯಲ್ಲಿ ಏಳಲ್ಲದೆ ಬೇರೇನೂ ಇರಲಾರದು. ಅಂದು ಒಂದು ದಿಂಬಿನ ಚೀಲ ಕರಕಲಾಗಿ ಬೈಗುಳ ತಿಂದಳು. ಮನಸ್ಸು ಮಾತ್ರ ಹಗುರವಾಗಿತ್ತು.

ಇಷ್ಟು ಛಲ, ಇಷ್ಟು ಬುದ್ಧಿ, ಎಲ್ಲವೂ ಸುಳ್ಳಿನ ಚಾಕರಿಗೆ! ದಿನವೂ ಗಂಡ ನಡಿಗೆಗೆ ಹೋದಾಗ ಅವಳು ಪುಟ ತಿದ್ದುವಳು, ರಾತ್ರಿ ಮಗಳು ಹಾಳೆ ಹಿಡಿದು "ಎಲ್ಲಾ ಸರಿ ಅಪ್ಪ!" ಎನ್ನುವಳು, ಕ್ರೇನಣ್ಣ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವನು. ಅತ್ತೆ ನಲ್ಲಿಯ ಬಳಿ ಎದುರುಮನೆಯಾಕೆಗೆ, "ನನ್ನ ಮಗನ ತಲೆ ಈಗ ಗಡಿಯಾರ ಕಣಮ್ಮ, ನಿಮ್ಮನೇದರ ಹಾಗೆ ನಿಂತದ್ದಲ್ಲ, ಓಡೋದು," ಎಂದಳು.

ಒಂದು ಸಂಜೆ ರೊಟ್ಟಿ ಮುರಿಯುತ್ತಾ ಕ್ರೇನಣ್ಣ ಹೇಳಿದ: "ಅಂಗಳಕ್ಕೆ ಹೇಳಿಕಳಿಸಿದೀನಿ. ಬರೋ ಸೋಮವಾರ ಪರೀಕ್ಷೆ."

ಇಸ್ತ್ರಿಯಮ್ಮ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಅವನ ಕಡೆ ತಿರುಗಿದಳು. "ಇನ್ನೊಂದಷ್ಟು ದಿನ ತಡೀಬಾರದೇನ್ರೀ?"

"ಯಾಕೆ? ಪುಟಪುಟವೂ ಸರಿ ಇದೆ. ಇನ್ನೇನು ತಡೆಯೋದು?"

"ಆತುರ ಒಳ್ಳೇದಲ್ಲ ಅಂತ..."

"ನಿನಗೆ ನಾನು ಕುರ್ಚಿ ಮೇಲೆ ಕೂತ್ರೇ ಚೆಂದವೋ?"

ಉತ್ತರ ಅವಳ ಬಳಿ ಇತ್ತು. ಅದನ್ನು ಹೇಳುವ ಬಾಯಿಯನ್ನು ತಾನೇ ಹೊಲಿದುಕೊಂಡಿದ್ದಳು.

ಶನಿವಾರ ಮಧ್ಯಾಹ್ನ ಅವನು ಹಳೆಯ ಪುಟಗಳನ್ನು ತಾಯಿಗೆ ತೋರಿಸಲೆಂದು ಒಂದೊಂದಾಗಿ ತಿರುವಿದ. ತಾಯಿ ಕನ್ನಡಕ ಏರಿಸಿ ನೋಡಿ ತಲೆದೂಗುತ್ತಿದ್ದಳು. ಅರ್ಧ ಪುಸ್ತಕವಾಗುವಾಗ ಅವನ ಮಾತು ನಿಂತಿತು. ಪುಸ್ತಕ ಮುಚ್ಚಿ ರಾತ್ರಿಯೂಟದವರೆಗೆ ಕಾದ. ಎಲ್ಲರ ತಟ್ಟೆಗೂ ಅನ್ನ ಬಿದ್ದ ಮೇಲೆ ಪುಸ್ತಕವನ್ನು ಮೇಜಿನ ನಡುವೆ ಬಿಚ್ಚಿಟ್ಟ.

"ಈ ಏಳು ಯಾರದು?"

ಅವನು ಒಂದು ಅಂಕಿಯ ಮೇಲೆ ಬೆರಳಿಟ್ಟ.

"ನನ್ನ ಏಳಕ್ಕೆ ಟೊಂಕದಲ್ಲಿ ಗೆರೆ ಇರುತ್ತೆ. ನಿದ್ದೇಲಿ ಬರೆದ್ರೂ ಇರುತ್ತೆ. ಇಲ್ನೋಡಿ, ಇದಕ್ಕಿಲ್ಲ. ಇದಕ್ಕಿಲ್ಲ. ಈ ಪುಟದಲ್ಲಿ ಒಂದಕ್ಕೂ ಇಲ್ಲ. ಯಾರದು?"

ಮಗಳು ಗಾಬರಿಯಿಂದ, "ಆಣೆಗೂ ನಾನಲ್ಲಪ್ಪ. ನಾನು ತಾಳೆ ಮಾತ್ರ ನೋಡಿದ್ದು," ಎಂದಳು.

"ನನ್ನದು," ಎಂದಳು ಇಸ್ತ್ರಿಯಮ್ಮ.

ಗೋಡೆಯ ಕಲೆಯ ಕಡೆಗೆ ಎಲ್ಲರ ಕಣ್ಣೂ ಹೋಗಿ ಬಂದವು. ಆದರೆ ಅವನು ತಟ್ಟೆಗೆ ಕೈ ಹಾಕಲಿಲ್ಲ.

"ಯಾವತ್ತಿನಿಂದ?"

"ನೀವು ತಟ್ಟೆ ಎಸೆದ ಮಾರನೇ ದಿನದಿಂದ."

"ಹೋಗಲಿ ಬಿಡೋ," ಎಂದು ಅತ್ತೆ ನಡುವೆ ಬಂದಳು. "ನಿನ್ನ ಮನಸ್ಸು ನೋಯಬಾರದು ಅಂತ ತಾನೇ ಮಾಡಿದ್ದು? ಎರಡು ಅಂಕಿ ತಿದ್ದಿದ್ರೆ ಏನು ಮನೆ ಮುಳುಗಿಹೋಯ್ತಾ?"

"ಅಮ್ಮಾ! ಸೋಮವಾರ ನಾನು ಮೇಲೆ ಹತ್ತಿ ಕೂಡಿಸ್ತಾ ಇದ್ದೆ. ಕೆಳಗೆ ಜನ ನಿಂತಿರ್ತಾರೆ. ಈ ಬೋಳು ಏಳುಗಳನ್ನ ನಂಬ್ಕೊಂಡು ಅವರ ತಲೆ ಮೇಲೆ ಪೆಟ್ಟಿಗೆ ಎತ್ತುತ್ತಾ ಇದ್ದೆ!" ಅವನು ಹೆಂಡತಿಯ ಕಡೆ ತಿರುಗಿದ. "ನನ್ನ ತಪ್ಪನ್ನ ತಪ್ಪು ಅಂತ ಹೇಳೋರು ಈ ಮನೇಲಿ ಒಬ್ಬರೂ ಇಲ್ವಾ?"

ಅಷ್ಟು ದಿನ ತಗ್ಗಿದ್ದ ಇಸ್ತ್ರಿಯಮ್ಮನ ತಲೆ ಆಗ ಮೇಲೆದ್ದಿತು. "ಒಬ್ಬಳಿದ್ದಳಲ್ಲ, ಮಗು. ಅವಳು ಹೇಳಿದ್ದಕ್ಕೆ ಏನು ಕೊಟ್ರಿ? ನಾನು ಮಾಡಿದ್ದು ತಪ್ಪು. ಸಾವಿರ ಸಲ ತಪ್ಪು. ಆದರೆ ಸತ್ಯ ಹೇಳಿದವರ ಕಡೆ ತಟ್ಟೆ ಎಸೆದ್ರೆ, ಆ ಮನೇಲಿ ಉಳಿಯೋದು ಸುಳ್ಳೇ ಕಣ್ರೀ."

ಯಾರೂ ಉಣ್ಣಲಿಲ್ಲ. ಅನ್ನ ಆರಿತು. ಅವನು ಮಗಳ ತಟ್ಟೆಯನ್ನು ಅವಳ ಕಡೆ ಮೆಲ್ಲನೆ ಸರಿಸಿ, "ತಿನ್ನು ಮಗಳೇ. ಅವತ್ತು ತಪ್ಪಿದ್ದು ನನ್ನ ಲೆಕ್ಕ ಒಂದೇ ಅಲ್ಲ," ಎಂದ. ಮತ್ತೆ ಹೆಂಡತಿಗೆ: "ಉತ್ತರದ ಹಾಳೆ ನಿನ್ನ ಹತ್ರ ಇರಲಿಲ್ಲ. ಹೇಗೆ ತಿದ್ದಿದೆ?"

"ಕಲಿತೆ."

"ಎಲ್ಲಿ?"

"ಇಸ್ತ್ರಿ ಮೇಜಿನ ಮೇಲೆ. ದಿಂಬಿನ ಚೀಲ ಸುಟ್ಟುಕೊಂಡು."

ಅವನು ಪುಸ್ತಕವನ್ನು ಅವಳ ಮುಂದೆ ನೂಕಿದ. "ಹಾಗಾದ್ರೆ ಕಲಿಸು."

ಸೋಮವಾರ ಬೆಳಿಗ್ಗೆ ಅವನು ಅಂಗಳಕ್ಕೆ ಹೋದದ್ದು ನಿಜ, ಪರೀಕ್ಷೆಗಲ್ಲ. ಮೇಲ್ವಿಚಾರಕನ ಮುಂದೆ ನಿಂತು, "ನಾನಿನ್ನೂ ತಯಾರಾಗಿಲ್ಲ. ತಯಾರಾಗಿದೀನಿ ಅಂದ್ಕೊಂಡಿದ್ದೆ, ತಪ್ಪು," ಎಂದು ಹೇಳಿಬಂದ. ಹೇಳುವಾಗ ಗೇಟಿನ ಕುರ್ಚಿ ಅವನ ಬೆನ್ನ ಹಿಂದೆಯೇ ಇತ್ತು. ಗೆದ್ದು ಬರುವುದು ದೊಡ್ಡದಿರಬಹುದು. ಇಷ್ಟು ಹೇಳಿ ಬರಿಗೈಯಲ್ಲಿ ನಡೆದು ಬರುವುದು ಅದಕ್ಕಿಂತ ಸಣ್ಣದಲ್ಲ.

ಮನೆಯಲ್ಲಿ ಹೊಸ ಕಟ್ಟಳೆ ಜಾರಿಗೆ ಬಂತು. ರಬ್ಬರನ್ನು ಅತ್ತೆ ತನ್ನ ಎಲೆಅಡಿಕೆಯ ಡಬ್ಬಿಯಲ್ಲಿ ಬಂಧಿಸಿದಳು. ತಪ್ಪಾದರೆ ಅಳಿಸುವಂತಿಲ್ಲ, ಸುತ್ತು ಹಾಕಿ ಪಕ್ಕದಲ್ಲಿ ಬರೆಯಬೇಕು. ತಪ್ಪೆಂದು ಹೇಳಿದವರ ಮೇಲೆ ಸಿಟ್ಟು ಮಾಡಿದರೆ ಅಂದಿನ ಪಾತ್ರೆಗಳೆಲ್ಲ ಅವನವೇ. ಮೊದಲ ವಾರ ಪಾತ್ರೆಗಳು ಬಹುಪಾಲು ಅವನ ಕೈಯಲ್ಲೇ ಬೆಳಗಿದವು.

ಆದರೂ ಮೊತ್ತ ಜಾರುವುದು ನಿಲ್ಲಲಿಲ್ಲ. ಪುಸ್ತಕದ ಮುಂದೆ ತುಟಿ ಬಿಗಿದು ಕೂತರೆ ಮೂರನೆಯ ಮನೆಗೆ ಹೋಗುವಷ್ಟರಲ್ಲಿ ಎಲ್ಲವೂ ಕಲಸಿಹೋಗುತ್ತಿತ್ತು. ಒಂದು ಸಂಜೆ ಈರುಳ್ಳಿ ಹೆಚ್ಚುತ್ತಿದ್ದ ಇಸ್ತ್ರಿಯಮ್ಮ ಕೇಳಿದಳು: "ಅಂಗಳದಲ್ಲಿ ಹೀಗೇ ಮೌನವ್ರತ ಮಾಡ್ತೀರೇನು?"

"ಅಲ್ಲಿ ಕೂಗ್ತೀವಿ."

"ಮತ್ತೆ ಇಲ್ಲಿ ಯಾಕೆ ಬಾಯಿಗೆ ಬೀಗ? ಕೂಗಿ. ನಾನು ಕೆಳಗಿನವಳು."

ಅವನು ನಾಚಿದ, ಆಮೇಲೆ ಗಂಟಲು ಸರಿಮಾಡಿಕೊಂಡ. "ಇಪ್ಪತ್ತನಾಲ್ಕು! ಮೂರು ಮನೆ!"

"ಇಪ್ಪತ್ತನಾಲ್ಕು, ಮೂರು ಮನೆ!" ಎಂದು ಅವಳು ಮರಳಿ ಕೂಗಿದಳು. ಅಷ್ಟೇ, ಉತ್ತರ ಹೇಳಲಿಲ್ಲ.

"ಒಂಬತ್ತು... ಒಂಬತ್ತು, ಎಂಟು, ಹದಿನೇಳು!"

"ಹದಿನೇಳು!"

"ಹದಿನೇಳಕ್ಕೆ ಏಳು, ಇಪ್ಪತ್ತನಾಲ್ಕು!"

"ಇಪ್ಪತ್ತನಾಲ್ಕು!"

ಮರುಕೂಗು ಬಂದಷ್ಟು ಹೊತ್ತು ಮೊತ್ತ ಜಾರದೆ ನಿಂತಿತು. ಅವನು ಪೆನ್ಸಿಲನ್ನು ಮೇಜಿಗೆ ಕುಟ್ಟಿ ನಕ್ಕ. ಅಂದಿನಿಂದ ಆ ಅಡುಗೆಮನೆ ಸರಕು ಅಂಗಳವಾಯಿತು. ಎದುರುಮನೆಯಾಕೆ ಕಿಟಕಿಯಿಂದ, "ಏನ್ರೀ ಅದು, ಮನೇಲಿ ಹರಾಜು ನಡೀತಿದೆಯಾ?" ಎಂದು ಕೇಳಿದಳು. "ಹೌದು, ನಿಮ್ಮ ಕುತೂಹಲಾನ ಕೂಗ್ತಾ ಇದೀವಿ, ಯಾರೂ ಕೊಳ್ತಾ ಇಲ್ಲ," ಎಂದಳು ಅತ್ತೆ. ಅತ್ತೆಗೆ ಸುಡೊಕು ತಿಳಿಯದು, ಆದರೆ ನಲವತ್ತೈದು ಮಾತ್ರ ಬಾಯಿಪಾಠವಾಯಿತು, ಸಾಲು ಮುಗಿದಾಗಲೆಲ್ಲ "ನಲವತ್ತೈದು ತುಂಬಿತೇನೋ? ತುಂಬದಿದ್ರೆ ಮುಚ್ಚಳ ಹಾಕಬೇಡ," ಎಂದು ಎಚ್ಚರಿಸುವಳು.

ಕಠಿಣವಾದದ್ದು ಇಸ್ತ್ರಿಯಮ್ಮನ ಪಾಲಿಗೆ ಬಂದಿತ್ತು. ಅವನು ಹದಿಮೂರನ್ನು ಹದಿನಾಲ್ಕೆಂದು ಕೂಗಿ, ಹುಬ್ಬು ಗಂಟಿಕ್ಕಿ, ಬೆವರಿ ಒದ್ದಾಡುವಾಗ ಸರಿಯಾದ ಅಂಕಿ ಅವಳ ನಾಲಿಗೆಯ ತುದಿಯಲ್ಲಿರುತ್ತಿತ್ತು. ನುಂಗಿಕೊಂಡು, "ತಪ್ಪು. ಮತ್ತೆ," ಎಂದಷ್ಟೇ ಹೇಳಬೇಕು. ಅದಕ್ಕಿಂತ ತಿದ್ದಿ ಕೊಡುವುದು ಎಷ್ಟು ಸುಲಭವಾಗಿತ್ತು!

ವಾರಗಳು ಕಳೆದವು. ಸುತ್ತು ಹಾಕಿದ ಅಂಕಿಗಳು ಪುಟದ ತುಂಬ ಇದ್ದವು, ಆಮೇಲೆ ಅಲ್ಲಲ್ಲಿ ಇದ್ದವು. ಒಂದು ಮಧ್ಯಾಹ್ನ ಅವನು ಒಬ್ಬನೇ, ಮೂವತ್ತೆಂಟಾದ ಒಂದು ಚೌಕದಲ್ಲಿ ಉಳಿದ ಮನೆಗೆ ಏಳು ಬರೆದು, ಅದರ ಟೊಂಕಕ್ಕೆ ಗೆರೆ ಎಳೆದು, ಹೆಂಡತಿ ಬರುವವರೆಗೂ ಬಾಗಿಲಲ್ಲೇ ಪುಸ್ತಕ ಹಿಡಿದು ನಿಂತಿದ್ದ. ಪುಟವಿಡೀ ಸರಿಯಿರಲಿಲ್ಲ. ಆ ಏಳು ಸರಿಯಿತ್ತು.

ಕೊನೆಗೆ ಪರೀಕ್ಷೆಯ ದಿನ ಅವಳೂ ರಜೆ ಹಾಕಿ ಅಂಗಳದ ಗೇಟಿನವರೆಗೆ ಹೋದಳು. ಕುರ್ಚಿ ಖಾಲಿಯಿತ್ತು, ಕಾವಲುಗಾರ ಕೂತ್ಕೊಳ್ಳಿ ಎಂದರೂ ಅವಳು ಕೂರಲಿಲ್ಲ. ದೂರದಲ್ಲಿ ಕ್ರೇನಣ್ಣ ಗಾಜಿನ ಗೂಡಿಗೆ ಹತ್ತಿದ. ಕೆಳಗಿನವನು ತೂಕ ಕೂಗತೊಡಗಿದ. ಮೊದಲ ಸರಪಳಿ ಸರಿಯಾಯಿತು, ಎರಡನೆಯದೂ ಸರಿಯಾಯಿತು. ಮೂರನೆಯದಕ್ಕೆ ಮೇಲಿನಿಂದ ಕೂಗು ಬರಲಿಲ್ಲ. ಎಲ್ಲರೂ ಕತ್ತೆತ್ತಿ ನಿಂತರು. ಆಗ ಪೆಟ್ಟಿಗೆಗಳ ಮರೆಯಲ್ಲಿ ಹಳೆಯ ಜೊತೆಗಾರನೊಬ್ಬ ಮೇಲ್ವಿಚಾರಕನಿಗೆ ಕಾಣದಂತೆ ಎರಡು ಕೈ ಬೆರಳುಗಳನ್ನು ಬಿಡಿಸಿ ಮಡಚಿ ಮೊತ್ತ ತೋರಿಸತೊಡಗಿದ್ದು ಇಸ್ತ್ರಿಯಮ್ಮನ ಕಣ್ಣಿಗೆ ಬಿತ್ತು. ಪುಟ ತಿದ್ದಿದ ತನ್ನ ಬೆರಳುಗಳನ್ನೇ ಅವಳು ಅಲ್ಲಿ ಕಂಡಳು.

"ಕೈ ಇಳಿಸೋ!" ಮೇಲಿನಿಂದ ಗರ್ಜನೆ ಬಂತು. "ನಾಳೆ ಇದರ ಕೆಳಗೆ ನಿಲ್ಲೋನು ನೀನೇ! ಮೊದಲಿಂದ ಕೂಗಿ, ಒಂದೊಂದಾಗಿ!"

ಮತ್ತೆ ಮೊದಲಿನಿಂದ ಕೂಗಿದರು. ಅವನು ಪ್ರತಿ ಹೆಜ್ಜೆಯ ಮೊತ್ತವನ್ನೂ ಕೂಗಿ, ಮರುಕೂಗಿಗೆ ಕಾದು, ಮುಂದಿನದಕ್ಕೆ ಹೋದ. ನಿಧಾನವಾಯಿತು. ಬಹಳ ನಿಧಾನವಾಯಿತು. ಕೊನೆಯ ಮೊತ್ತ ಕೂಗಿ, "ಈ ಸರಪಳಿ ತಾಳಲ್ಲ. ಒಂದು ಪೆಟ್ಟಿಗೆ ಇಳಿಸಿ!" ಎಂದ.

ಮೇಲ್ವಿಚಾರಕ ತನ್ನ ಕೈಯ ಚೀಟಿ ನೋಡಿಕೊಂಡ. "ನಿಧಾನ," ಎಂದ. "ಆದ್ರೆ ಸರಿ. ದೊಡ್ಡ ಕ್ರೇನು ಈಗಲೇ ಕೊಡೋಕಾಗಲ್ಲ. ನಾಳೆಯಿಂದ ಸಣ್ಣದಕ್ಕೆ ಹತ್ತು. ದೊಡ್ಡದರ ಮಾತು ಆಮೇಲೆ."

"ಆಮೇಲೆ ಅಂದ್ರೆ ಬಂದೇ ಬರ್ತೀನಿ ಕೇಳೋಕೆ," ಎಂದ ಕ್ರೇನಣ್ಣ.

ಮರುದಿನ ಬೆಳಗ್ಗೆ ಇಸ್ತ್ರಿಯಮ್ಮ ಒಲೆಯ ಮುಂದೆ ಹಾಲು ಕಾಯಿಸುತ್ತಿದ್ದಳು. ಮಗಳು ಅಪ್ಪನ ಊಟದ ಡಬ್ಬಿಗೆ ರೊಟ್ಟಿ ತುಂಬುತ್ತಿದ್ದಳು. ಒಳಗಿನ ಕೋಣೆಯಲ್ಲಿ ಅತ್ತೆ ಹೊದಿಕೆ ಎಳೆದ ಸದ್ದಾಯಿತು.

"ಏಳು ಮಗಾ, ಏಳು!"

ಉತ್ತರ ಬರಲಿಲ್ಲ. ಹಾಲು ಅಂಚಿಗೆ ಏರಿತು. ಎಂಟು ಎಂಬ ಮಾತು ಇಸ್ತ್ರಿಯಮ್ಮನ ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ತುಟಿ ಕಚ್ಚಿ ಉರಿ ತಗ್ಗಿಸಿದಳು, ಹೇಳಿಕೊಡಲಿಲ್ಲ.

"ಇವತ್ತು ಎಂಟಲ್ಲಮ್ಮ," ಎಂದಿತು ಹೊದಿಕೆಯೊಳಗಿನ ದನಿ. "ಏಳೇ. ಟೊಂಕ ಕಟ್ಟಿದ ಏಳು."

"ಬಾಯಲ್ಲಿ ಟೊಂಕ ಕಟ್ಟಿದ್ರೆ ಸಾಲದು," ಎಂದಳು ತಾಯಿ. "ಮೊದಲು ಎದ್ದು ಕಾಲು ಕೆಳಗಿಡು. ಹೊತ್ತಾಯ್ತು."